ರೈಫಲ್ ಸರಿ ಇದೆ

ನಾನು ನಿವೃತ್ತನಾದ ದಿನ ನಮ್ಮ ರೈಫಲ್ ತರಬೇತಿ ಕೇಂದ್ರದವರು ನನಗೆ ಎರಡು ಶಾಲು ಹೊದಿಸಿ, ಒಂದು ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನಲ್ಲಿ ಒಂದು ಮಾತು ಹೇಳಿದರು: "ಮೈಬೂಬಸಾಬ್ ಮಿಸ್ತ್ರಿ ಕೈಯಾಡಿಸಿದ ರೈಫಲ್ ಬಗ್ಗೆ ಇಷ್ಟು ವರ್ಷಗಳಲ್ಲಿ ಒಂದೇ ಒಂದು ದೂರು ದಾಖಲಾಗಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಕೈ ಮುಗಿದೆ. ಮಾತೇನೋ ನಿಜವೇ. ದೂರು ದಾಖಲಾಗಿಲ್ಲ, ಏಕೆಂದರೆ ದಾಖಲು ಮಾಡಬೇಕಾದವನು ನಾನೇ ಆಗಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಫೋನ್ ಮಾಡಿ ನಿಮ್ಮ ಅನುಭವ ಬರೆದುಕೊಡಿ ಎನ್ನುತ್ತಾರೆ. ಯಾವಾಗ ಕಾಯಂ ಆದೆ, ಯಾರ ಕೈಯಿಂದ ಪ್ರಶಸ್ತಿಪತ್ರ ಪಡೆದೆ ಎಂಬುದೆಲ್ಲ ಕೇಂದ್ರದ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ, ಬೇಕಿದ್ದವರು ಹೋಗಿ ಓದಿಕೊಳ್ಳಲಿ. ನಾನು ಬರೆಯಬೇಕಾದದ್ದು ಆರ್ಮರರ್, ಅಂದರೆ ರೈಫಲ್ ನೋಡಿಕೊಳ್ಳುವ ಮಿಸ್ತ್ರಿ, ಬರೆಯುವ ಚೀಟಿಯ ಬಗ್ಗೆ. ಸ್ಪರ್ಧೆಯ ನಡುವೆ ಶೂಟರ್ ಕೈ ಎತ್ತಿ "ರೈಫಲ್ ಸರಿ ಇಲ್ಲ" ಎಂದರೆ ಆರ್ಮರರ್ ಪರೀಕ್ಷೆ ಮಾಡಿ ಚೀಟಿ ಬರೆಯಬೇಕು. ದೋಷ ಇದೆ ಎಂದು ಬರೆದರೆ ಶೂಟರ್‌ಗೆ ಬೇರೆ ರೈಫಲ್, ಹೊಸ ಟಾರ್ಗೆಟ್ ಸಿಗುತ್ತದೆ. ರೈಫಲ್ ಸರಿ ಇದೆ ಎಂದು ಬರೆದರೆ ತಪ್ಪು ಶೂಟರ್ ಕೈಯದ್ದಾಗುತ್ತದೆ. ಅಂಥ ಒಂದು ಚೀಟಿ ಹದಿನೆಂಟು ವರ್ಷಗಳಿಂದ ನನ್ನನ್ನು ಒಳಗೊಳಗೇ ತಿನ್ನುತ್ತಿದೆ. ಅಲ್ಲಿಗೆ ಬರುವ ಮೊದಲು ಒಂದೆರಡು ಸಂಗತಿ ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ನನ್ನ ಅಪ್ಪ ಗಂಗಾವತಿಯಲ್ಲಿ ಬೀಗ, ಹೊಲಿಗೆ ಯಂತ್ರ, ಲೈಸೆನ್ಸ್ ಇದ್ದವರ ಬಂದೂಕು ಹೀಗೆ ಕಬ್ಬಿಣದ ಏನನ್ನು ತಂದರೂ ರಿಪೇರಿ ಮಾಡಿಕೊಡುತ್ತಿದ್ದ. ಅಕ್ಕಿಕಾಳಿನ ಗಾತ್ರದ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ನೋಡಿ ಅದರ ಆಯುಷ್ಯ ಹೇಳುತ್ತಿದ್ದ. ಆ ಬೆರಳುಗಳನ್ನು ನೋಡಿಯೇ ನಾನು ಕಲಿತದ್ದು. ಕೊಪ್ಪಳದ ಹೊರಗೆ ತರಬೇತಿ ಕೇಂದ್ರ ಶುರುವಾದಾಗ ದಿನಗೂಲಿಯ ಮೇಲೆ ಆರ್ಮರರ್ ಬೇಕಾಗಿತ್ತು. ಸೇರಿಕೊಂಡೆ.

ಅಲ್ಲಿ ಇದ್ದದ್ದು ಇಪ್ಪತ್ತು ರೈಫಲ್, ಎಲ್ಲವೂ ಪಾಯಿಂಟ್ ಟೂ ಟೂ. ಹುಣಸೆ ಬೀಜಕ್ಕಿಂತ ಚಿಕ್ಕ ಗುಂಡು. ಅದರ ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನಲ್ಲಿ ಸುತ್ತಲೂ ಇರುತ್ತದೆ. ರೈಫಲಿನ ಸೂಜಿ ಆ ಅಂಚಿಗೆ ಬಡಿದಾಗ ಗುಂಡು ಹೊರಡುತ್ತದೆ. ನಮ್ಮವು ಅಗ್ಗದ ರೈಫಲ್‌ಗಳು. ಟ್ರಿಗರ್ ಎಳೆದರೆ ಬಾವಿಯಿಂದ ಕೊಡ ಸೇದಿದಷ್ಟು ಭಾರ. ಕುಂದಾ, ಅಂದರೆ ಹಿಡಿಯುವ ಮರದ ಭಾಗ, ಒಂದೊಂದೂ ಒಂದೊಂದು ರೀತಿ ಕೆತ್ತಿದ್ದು. ಬೇರೆ ಊರಿನ ದುಬಾರಿ ರೈಫಲ್‌ಗಳ ಪಕ್ಕದಲ್ಲಿ ಇವನ್ನಿಟ್ಟರೆ ನಾಚಿಕೆ ಆಗುತ್ತಿತ್ತು.

ಆದರೆ ಸುಳ್ಳೇಕೆ ಹೇಳಲಿ, ನನ್ನ ಬದುಕಿನ ಸುಖವೆಲ್ಲ ಆ ದರಿದ್ರ ರೈಫಲ್‌ಗಳಲ್ಲೇ ಇತ್ತು. ಟ್ರಿಗರ್ ಬಿಚ್ಚಿ, ಒಳಗಿನ ಕಬ್ಬಿಣದ ಅಂಚನ್ನು ಎಣ್ಣೆಕಲ್ಲಿನ ಮೇಲೆ ಹಗುರಾಗಿ ತಿಕ್ಕಿ, ಅಳತೆ ಮೀರದಂತೆ ನೋಡಿಕೊಂಡು ಮತ್ತೆ ಕೂಡಿಸಿದರೆ, ಅದೇ ಟ್ರಿಗರ್ ಗಾಜಿನ ಕಡ್ಡಿ ಮುರಿದ ಹಾಗೆ ಥಟ್ಟನೆ ಬಿಡುತ್ತಿತ್ತು. ನಳಿಗೆ ಮರಕ್ಕೆ ತಾಗದ ಹಾಗೆ ಮಾಡಿದರೆ, ಎರಡು ತಿರುಪುಗಳನ್ನು ಒಂದೇ ಬಿಗಿಯಲ್ಲಿ ಕೂರಿಸಿದರೆ, ಎಲ್ಲಾ ಗುಂಡುಗಳೂ ಒಂದೇ ಕಡೆ ಹೋಗಲು ಶುರು ಮಾಡುತ್ತವೆ. ಐವತ್ತು ಮೀಟರ್ ದೂರದ ಕಾಗದದಲ್ಲಿ ಐದು ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದಾಗ ನನಗೆ ಊಟದ ನೆನಪೂ ಇರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಬರುತ್ತಿದ್ದ ಯಲಬುರ್ಗಿಯ ಮಾಸ್ತರರು, ಕುಷ್ಟಗಿಯ ಔಷಧ ಅಂಗಡಿಯವರು ಹೊಟ್ಟೆಯ ಮೇಲೆ ಮಲಗಿ ಹತ್ತು ಗುಂಡು ಹಾರಿಸಿ ಎದ್ದಾಗ ಅವರ ಮುಖದಲ್ಲಿ ಮಕ್ಕಳ ನಗು ಇರುತ್ತಿತ್ತು. ಸದ್ದೂ ಕಡಿಮೆ, ಭುಜಕ್ಕೆ ಪೆಟ್ಟೂ ಇಲ್ಲ. ಬಡವರ ರೈಫಲ್ ಎಂದು ಮೂಗು ಮುರಿಯುವವರು ಒಮ್ಮೆ ಮಲಗಿ ನೋಡಬೇಕು.

ಮೇಲಿನವರ ಬುದ್ಧಿವಂತಿಕೆಯ ಬಗ್ಗೆಯೂ ಹೇಳುತ್ತೇನೆ. ಮೈದಾನ ಮಾಡುವಾಗ, ಕೊಪ್ಪಳದಲ್ಲಿ ಬಂಡೆಗುಡ್ಡಕ್ಕೇನು ಬರವೇ ಎಂದು ಒಂದು ಗುಡ್ಡದ ಬುಡದಲ್ಲೇ ಟಾರ್ಗೆಟ್ ನಿಲ್ಲಿಸಿದರು. ಬಂಡೆ ಗಟ್ಟಿ, ಗುಂಡನ್ನು ತಡೆಯುತ್ತದೆ ಎಂಬ ಲೆಕ್ಕಾಚಾರ. ಮೊದಲ ದಿನವೇ ಸೀಸದ ಚೂರುಗಳು ಬಂಡೆಗೆ ಬಡಿದು ನಮ್ಮ ತಲೆಯ ಮೇಲೆ ಗುಂಯ್‌ಗುಟ್ಟಿಕೊಂಡು ವಾಪಸು ಬಂದವು. ಉದ್ಘಾಟನೆಗೆ ಬಂದವರು ಹೂಮಾಲೆ ಸಮೇತ ಕುರ್ಚಿಯ ಕೆಳಗೆ ಹೊಕ್ಕರು. ಆಮೇಲೆ ಯಲಬುರ್ಗಿ ಕಡೆಯ ಎರೆಮಣ್ಣು ತಂದು ದಿಬ್ಬ ಹಾಕಿದರು. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರುಕು ಬಿಟ್ಟಿತು. ಕಡೆಗೆ ಕುಷ್ಟಗಿಯ ಕೆಂಪು ಮಣ್ಣು ಬೆರೆಸಿದ ಮೇಲೆ ನಿಂತಿತು. ಮಣ್ಣಿನ ವಿಷಯ ಗೊತ್ತಿದ್ದ ಕೂಲಿಯಾಳುಗಳು ಹತ್ತು ಜನ ಅಲ್ಲೇ ಇದ್ದರು, ಯಾರೂ ಅವರನ್ನು ಕೇಳಿರಲಿಲ್ಲ.

ಆಮೇಲೆ ಕೇಂದ್ರದ ಉಸ್ತುವಾರಿಗೆ ಒಬ್ಬ ಸಾಹೇಬರು ಬಂದರು. ಹೆಸರು ಬೇಡ. ದೊಡ್ಡ ರೈಫಲ್‌ಗಳಲ್ಲಿ ಪಳಗಿದವರು, ಮೀಸೆಯೂ ಹಾಗೇ ಇತ್ತು. ಅವರು ಬಂದ ವಾರವೇ ಶೂಟರ್‌ಗಳೆಲ್ಲ ಖಾಲಿ ರೈಫಲಿನ ಟ್ರಿಗರ್ ಎಳೆದು ದಿನಕ್ಕೆ ಎರಡು ತಾಸು ಅಭ್ಯಾಸ ಮಾಡಬೇಕೆಂದು ಹುಕುಂ ಮಾಡಿದರು. ದೊಡ್ಡ ರೈಫಲ್‌ಗೆ ಅದು ನಡೆಯುತ್ತದೆ. ನಮ್ಮದರಲ್ಲಿ ಕಾಡತೂಸು ಇಲ್ಲದಿದ್ದರೆ ಸೂಜಿ ಹೋಗಿ ನಳಿಗೆಯ ಹಿಂಬದಿಯ ಬಾಯಿಗೇ ಬಡಿಯುತ್ತದೆ, ಅಲ್ಲಿ ತಗ್ಗು ಬೀಳುತ್ತದೆ.

ನಾನು ಹೋಗಿ ಹೇಳಿದೆ: "ಸಾಹೇಬ್ರ, ಇವು ಸಣ್ಣ ರೈಫಲ್ ಅದಾವ್ರಿ. ಖಾಲಿ ಹೊಡದ್ರ ಬಾಯಿ ಕೆಡ್ತೈತ್ರಿ. ಹಾರಿಸಿದ ಖಾಲಿ ಕಾಡತೂಸರ ಹಾಕಿ ಹೊಡಿಲ್ರಿ."

ಅವರು ತಲೆ ಎತ್ತಲಿಲ್ಲ. "ಮಿಸ್ತ್ರಿ, ನೀ ದಿನಗೂಲಿಯವ. ನನಗ ರೈಫಲ್ ಕಲಿಸಾಕ ಬಂದಿಯೇನು?" ಎಂದರು.

ಹತ್ತೇ ದಿನಗಳಲ್ಲಿ ಹನ್ನೊಂದು ರೈಫಲ್‌ಗಳ ಬಾಯಿ ಕೆಟ್ಟಿತು. ಕಾಡತೂಸು ಒಳಗೆ ಹೋಗದು, ಹೋದದ್ದು ಹೊರಗೆ ಬಾರದು. ಸಾಹೇಬರು ಅದಕ್ಕೆ "ಆರ್ಮರರ್ ನಿರ್ಲಕ್ಷ್ಯ" ಎಂದು ಬರೆದರು. ನಾನು ಒಂದು ತಿಂಗಳು ಕೂತು ಒಂದೊಂದನ್ನೇ ತೀಡಿ ಸರಿಮಾಡಿದೆ. ಅವತ್ತಿನಿಂದ ನಾನೊಂದು ಪಾಠ ಕಲಿತೆ, ಅದು ಕೆಟ್ಟ ಪಾಠವಾಗಿತ್ತು: ಗೊತ್ತಿದ್ದನ್ನು ಹೇಳಬಾರದು, ಗುಟ್ಟಾಗಿ ಮಾಡಬೇಕು.

ಅದೇ ದಿನಗಳಲ್ಲಿ ಹುಲಿಗೆಮ್ಮ ಬಂದದ್ದು. ಗಿಣಿಗೇರಾದವಳು, ಕಾಲೇಜಿನ ಮೊದಲ ವರ್ಷ. ಅವಳ ಅಪ್ಪ ಅಲ್ಲಿನ ಕಾರ್ಖಾನೆಯೊಂದರ ಕುಲುಮೆಯಲ್ಲಿ ಕೆಲಸಕ್ಕಿದ್ದ. ಆ ಊರಿನ ಕಪ್ಪು ಧೂಳು ಅವಳ ಚೀಲ, ಪುಸ್ತಕ, ಉಗುರು ಎಲ್ಲದರಲ್ಲೂ ಇರುತ್ತಿತ್ತು. ರೈಫಲ್ ಮುಟ್ಟುವ ಮೊದಲು ನಳದಲ್ಲಿ ಕೈ ತೊಳೆದು, ದಾವಣಿಯ ಸೆರಗಿಗೆ ಒರೆಸಿ, ನನಗೆ ತೋರಿಸುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಕೈಯಂಥ ಕೈಯನ್ನು ನಾನು ಮತ್ತೆ ನೋಡಿಲ್ಲ. ರೈಫಲಿನ ತುದಿಯ ಮೇಲೆ ಒಂದು ಕಡಲೆಕಾಳು ಇಟ್ಟರೆ ಟ್ರಿಗರ್ ಎಳೆದ ಮೇಲೂ ಅಲ್ಲೇ ಇರುತ್ತಿತ್ತು.

ಅವಳಿಗೆ ಕೊಟ್ಟಿದ್ದು ಏಳನೇ ನಂಬರ್ ರೈಫಲ್. ನಳಿಗೆ ಒಳ್ಳೆಯದಿತ್ತು, ಕುಂದಾ ಮಾತ್ರ ಕೆಟ್ಟದ್ದು. ಕಬ್ಬಿಣ ಕೂರುವ ಗುಳಿ ಸಡಿಲವಾಗಿ, ಪ್ರತಿ ಗುಂಡಿಗೂ ಅಲ್ಲಾಡುತ್ತಿತ್ತು. ಆ ಗುಳಿಗೆ ಎರಡು ಟ್ಯೂಬಿನ ಗಟ್ಟಿ ಅಂಟು ತುಂಬಿ ಕೂರಿಸಿದರೆ ಸರಿಹೋಗುತ್ತದೆ. ತರಿಸಿಕೊಡಿ ಎಂದು ಅರ್ಜಿ ಬರೆದೆ. ಸಾಹೇಬರು ಮೂಲೆಯಲ್ಲಿ ಬರೆದು ಕಳಿಸಿದರು: "ಮೇಲಿನ ಮಂಜೂರಾತಿ ಇಲ್ಲದೆ ರೈಫಲಿಗೆ ಏನನ್ನೂ ಹಚ್ಚತಕ್ಕದ್ದಲ್ಲ. ಹಚ್ಚಿದರೆ ಕೆಲಸದಿಂದ ತೆಗೆಯಲಾಗುವುದು."

ಗುಟ್ಟಾಗಿ ಮಾಡುವ ಚಾಳಿ ನನಗೆ ಆಗಲೇ ಅಂಟಿತ್ತು. ಕಿನ್ನಾಳಕ್ಕೆ ಹೋದೆ. ಅಲ್ಲಿ ಮರದ ಗೊಂಬೆ ಮಾಡುವ ವೀರೇಶಪ್ಪ ನನ್ನ ಅಪ್ಪನ ಕಾಲದ ಸ್ನೇಹಿತ. ಗೊಂಬೆಯ ಕೈಕಾಲು ಜೋಡಿಸಲು, ಸಂದು ತುಂಬಲು ಅವರು ಕಿಟ್ಟ ಎನ್ನುವ ಒಂದು ಲೇಪ ಮಾಡುತ್ತಾರೆ. ನೆನೆಸಿ ಕುಟ್ಟಿದ ಗೋಣಿನಾರು, ಕಟ್ಟಿಗೆಯ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಅರೆದದ್ದು. ಒಣಗಿದರೆ ಕಲ್ಲು. ವೀರೇಶಪ್ಪ ಒಂದು ಎಲೆಯಲ್ಲಿ ಕಟ್ಟಿಕೊಟ್ಟು ಎಚ್ಚರಿಸಿದ.

"ಮೈಬೂಬ, ಮ್ಯಾಲ ಬಣ್ಣ ಹಚ್ಚೋದು ಮರೀಬ್ಯಾಡ. ಬರೇ ಕಿಟ್ಟ ನೀರು ಕುಡೀತೈತಿ. ನಮ್ಮ ಗೊಂಬಿ ಸುತ್ತೂಕಡೆ ಬಣ್ಣ ಐತಿ ಅಂತ ಬಾಳಕಿ ಬರ್ತಾವ."

ನಾನು ಬಣ್ಣ ಹಚ್ಚಲಿಲ್ಲ. ತಪಾಸಣೆಯಲ್ಲಿ ಬಣ್ಣದ ಗೆರೆ ಕಣ್ಣಿಗೆ ಬಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಕಿಟ್ಟ ಮರದ ಬಣ್ಣವೇ ಇತ್ತು, ಹಾಗೇ ಬಿಟ್ಟರೆ ಯಾರಿಗೂ ತಿಳಿಯದು ಎಂದುಕೊಂಡೆ. ಕೊಪ್ಪಳದ ಒಣ ಗಾಳಿಯಲ್ಲಿ ನೀರೆಲ್ಲಿಂದ ಬರಬೇಕು?

ಮೂರು ದಿನ ಒಣಗಿದ ಮೇಲೆ ಏಳನೇ ನಂಬರ್ ಬೇರೆಯೇ ರೈಫಲ್ ಆಯಿತು. ಹುಲಿಗೆಮ್ಮ ಹತ್ತು ಗುಂಡು ಹಾರಿಸಿ ಟಾರ್ಗೆಟ್ ತರಲು ಓಡಿದಳು. ಹಿಂದಿರುಗುವಾಗ ನಡೆಯುತ್ತಿದ್ದಳು, ಕಾಗದದಿಂದ ಕಣ್ಣು ಕೀಳದೆ.

"ಕಾಕಾ, ಇದಕ್ಕೇನ್ ಮಾಡೀರಿ? ನಾ ನೋಡಿದಲ್ಲೇ ಹೊಕ್ಕೈತ್ರಿ!"

"ನಾ ಏನೂ ಮಾಡಿಲ್ಲವ್ವಾ. ನಿನ್ನ ಕೈ ಹಂಗೈತಿ," ಎಂದೆ.

ಆ ದಿನ ನಾನು ಹೇಳಿದ್ದು ಅರ್ಧ ನಿಜ. ಮುಂದೆ ಅದೇ ಮಾತನ್ನು ಅವಳ ಮೇಲೆ ತಿರುಗಿಸಿದೆ.

ಎಂಟು ತಿಂಗಳಾದ ಮೇಲೆ ರಾಜ್ಯ ತಂಡದ ಆಯ್ಕೆ ಸ್ಪರ್ಧೆ ಗಂಗಾವತಿಯಲ್ಲಿ ನಡೆಯಿತು. ಗದ್ದೆಗಳ ನಡುವಿನ ಮೈದಾನ. ಕಾಲುವೆಗೆ ನೀರು ಬಿಟ್ಟಿದ್ದರು, ಮೇಲೆ ಎರಡು ದಿನ ಜಡಿಮಳೆ. ತಂಡಕ್ಕೆ ಸೇರಿದವರಿಗೆ ಬೇರೆ ಊರಿನಲ್ಲಿ ಒಳ್ಳೆಯ ರೈಫಲ್, ತರಬೇತಿ, ಊಟ, ಓದು ಎಲ್ಲ ಇತ್ತು. ಹುಲಿಗೆಮ್ಮನ ಅಪ್ಪ ಕುಲುಮೆಯ ಪಾಳಿ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹಗ್ಗದ ಆಚೆ ನಿಂತಿದ್ದ.

ನನಗೆ ಒಂದು ಅಭ್ಯಾಸವಿತ್ತು. ಸ್ಪರ್ಧೆಯ ಬೆಳಿಗ್ಗೆ ಹಳೆಯ ಬಸ್ ಟಿಕೆಟನ್ನು ನಳಿಗೆ ಮತ್ತು ಮರದ ನಡುವೆ ಎಳೆದು ನೋಡುತ್ತಿದ್ದೆ. ಸರಾಗವಾಗಿ ಜಾರಿದರೆ ನಳಿಗೆ ಮರಕ್ಕೆ ತಾಗಿಲ್ಲ, ರೈಫಲ್ ಸರಿ ಇದೆ. ಅಂದು ಏಳನೇ ನಂಬರಿನಲ್ಲಿ ಟಿಕೆಟ್ ಅರ್ಧಕ್ಕೆ ಸಿಕ್ಕಿಕೊಂಡಿತು. ಎಳೆದರೆ ಹರಿಯಿತು. ಕಿಟ್ಟ ಗಂಗಾವತಿಯ ತೇವ ಕುಡಿದು ಉಬ್ಬಿ, ಕಬ್ಬಿಣವನ್ನು ಒಂದು ಪಕ್ಕಕ್ಕೆ ಒತ್ತಿತ್ತು. ನನ್ನ ಕೈಯಲ್ಲಿ ಹರಿದ ಟಿಕೆಟಿನ ತುಂಡು ಇತ್ತು. ನೋಡಿದೆ, ಗೊತ್ತಾಯಿತು, ಅದನ್ನು ಜೇಬಿಗೆ ಹಾಕಿಕೊಂಡೆ. ಬೇರೆ ರೈಫಲ್ ಕೊಡಬೇಕಿದ್ದರೆ ಕಾರಣ ಹೇಳಬೇಕಿತ್ತು. ನನ್ನನ್ನು ಕಾಯಂ ಮಾಡುವ ಕಡತ ಆ ತಿಂಗಳು ಸಾಹೇಬರ ಮೇಜಿನ ಮೇಲಿತ್ತು.

ಅವಳ ಮೊದಲ ಮೂರು ಗುಂಡು ನಡುವಿಗೆ ಬಿದ್ದವು. ನಾಲ್ಕನೆಯದು ಸ್ವಲ್ಪ ಬಲಕ್ಕೆ, ಐದನೆಯದು ಇನ್ನೂ ಬಲಕ್ಕೆ, ಆರನೆಯದು ಬಲಕ್ಕೆ ಮತ್ತು ಮೇಲಕ್ಕೆ. ದುರ್ಬೀನಿನಲ್ಲಿ ನಾನು ನೋಡುತ್ತಿದ್ದೆ. ಹೊಸಬರೇ, ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಶೂಟರ್ ಕೈ ತಪ್ಪಿದರೆ ಗುಂಡುಗಳು ಎಲ್ಲಾ ಕಡೆ ಚೆಲ್ಲುತ್ತವೆ. ನಳಿಗೆ ಬಿಸಿಯಾಗುತ್ತಾ ಮರಕ್ಕೆ ಒತ್ತಿದರೆ ಗುಂಡುಗಳು ಒಂದರ ಹಿಂದೆ ಒಂದು, ಒಂದೇ ದಿಕ್ಕಿಗೆ ನಡೆಯುತ್ತವೆ. ಅವಳ ಟಾರ್ಗೆಟಿನಲ್ಲಿ ತೂತುಗಳು ಇರುವೆ ಸಾಲಿನಂತೆ ನಡೆಯುತ್ತಿದ್ದವು.

ಅವಳು ಕೈ ಎತ್ತಿದಳು. "ಕಾಕಾ, ಏಳನೇ ನಂಬರ್ ಬಲಕ್ಕ ಎಳ್ಯಾಕತ್ತೈತ್ರಿ. ನಾ ನಡುವೇ ಹಿಡಿದೀನ್ರಿ."

ಸಾಹೇಬರು ಬಂದರು. "ಮಿಸ್ತ್ರಿ, ನೋಡಿ ಚೀಟಿ ಬರಿ. ಲಗೂ ಆಗಲಿ."

ನಾನು ರೈಫಲ್ ಕೈಗೆ ತೆಗೆದುಕೊಂಡು, ಬೋಲ್ಟ್ ಎಳೆದು, ನಳಿಗೆಯಲ್ಲಿ ಕಣ್ಣಿಟ್ಟು ನೋಡುವ ನಾಟಕ ಮಾಡಿದೆ. ದೋಷ ಇದೆ ಎಂದು ಬರೆದರೆ ಕುಂದಾ ಬಿಚ್ಚುತ್ತಾರೆ, ಕಿಟ್ಟ ಕಾಣುತ್ತದೆ. ಹಗ್ಗದ ಆಚೆ ಅವಳ ಅಪ್ಪ ಎರಡೂ ಕೈ ಜೋಡಿಸಿ ನಿಂತಿದ್ದ, ನನಗೋ ದೇವರಿಗೋ ತಿಳಿಯದು. ನಾನು ಬರೆದೆ: "ರೈಫಲ್ ಸರಿ ಇದೆ. ಶೂಟರ್ ತಪ್ಪು." ಕೆಳಗೆ ರುಜು ಹಾಕಿದೆ.

ಅವಳು ಚೀಟಿ ಓದಿ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ನನ್ನನ್ನು ನಂಬಿದಳು, ಅದೇ ನನ್ನನ್ನು ಕೊಂದದ್ದು. "ಹಂಗಾದ್ರ ನಂದ ತಪ್ಪಿರಬೇಕ್ರಿ ಕಾಕಾ," ಎಂದು ಮತ್ತೆ ಮಲಗಿ ಉಳಿದ ನಾಲ್ಕು ಗುಂಡು ಹಾರಿಸಿದಳು. ಈಗ ಇಲ್ಲದ ತಪ್ಪನ್ನು ತಿದ್ದಿಕೊಳ್ಳಲು ಹೋದಳು, ಆ ನಾಲ್ಕು ನಿಜವಾಗಿಯೂ ಚೆಲ್ಲಾಪಿಲ್ಲಿ ಆದವು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಮುಂದಿನ ಭಾನುವಾರ ಅವಳೂ ಬರಲಿಲ್ಲ. ನಾನು ಅದೇ ತಿಂಗಳು ಕಾಯಂ ಆದೆ.

ನಂತರದ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಸಾಹೇಬರು ವರ್ಗವಾಗಿ ಹೋದರು. ನಾನು ಬೇಡಿ ಬೇಡಿ ಸಿಗದ ಗಟ್ಟಿ ಅಂಟು ಹತ್ತು ವರ್ಷದ ಮೇಲೆ ಡಬ್ಬಿಗಟ್ಟಲೆ ಬಂತು. ಈಗ ಮರದ ಬದಲು ಪ್ಲಾಸ್ಟಿಕ್ ಕುಂದಾ, ಕಾಗದದ ಬದಲು ಪರದೆಯ ಮೇಲೆ ಬೀಳುವ ಗುರುತು. ತಿರುಪು ಬಿಗಿಯಲು ಅಳತೆ ತೋರಿಸುವ ಪಾನಾ ಬಂದಿದೆ, ಬೆರಳಿಗೆ ಕೆಲಸವಿಲ್ಲ. ಒಳ್ಳೆಯದೇ. ನನ್ನಂಥವರ ಬೆರಳಿಗೆ ಕೆಲಸ ಇಲ್ಲದಿರುವುದೇ ಒಳ್ಳೆಯದು. ಏಳನೇ ನಂಬರನ್ನು ಯಾರಿಗೂ ಕೊಡದೆ ಮೂಲೆಯಲ್ಲಿಟ್ಟಿದ್ದೆ. ನಿವೃತ್ತಿಯ ಹಿಂದಿನ ವಾರ ಅದನ್ನು ಗುಜರಿ ಪಟ್ಟಿಗೆ ಸೇರಿಸಲು ಬಿಚ್ಚಿದೆ. ಕಿಟ್ಟದ ಒಂದು ಪದರ ಬೂಷ್ಟು ಹಿಡಿದು, ಒಣಗಿ, ಕೈಗೆ ಪುಡಿಯಾಗಿ ಬಂತು.

ಆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು, ನಿವೃತ್ತಿಯ ಮರುದಿನವೇ ಅವಳನ್ನು ಹುಡುಕಿಕೊಂಡು ಹೊರಟೆ. ಗಿಣಿಗೇರಾದಲ್ಲಿ ಕೇಳಿದರೆ ಆನೆಗೊಂದಿಗೆ ಕೊಟ್ಟಿದ್ದಾರೆ ಎಂದರು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತಂತೆ.

ಆನೆಗೊಂದಿಯಲ್ಲಿ ಬಾಳೆನಾರಿನಿಂದ ಚೀಲ, ಚಾಪೆ ಹೆಣೆಯುವ ಒಂದು ಚಪ್ಪರದಡಿ ಅವಳು ಕೂತಿದ್ದಳು. ಗುರುತು ಹಿಡಿದ ಕೂಡಲೇ ಎದ್ದು ಸೆರಗು ಸರಿಮಾಡಿಕೊಂಡಳು. "ಬರ್ರಿ ಕಾಕಾ, ಕೂಡ್ರಿ. ಮೊದ್ಲ ನೀರು ಕುಡೀರಿ," ಎಂದಳು. ನಾನು ನೀರು ಕುಡಿದೆ. ಅವಳು ಮಾತಾಡುತ್ತಲೇ ಕೂದಲೆಳೆಯಷ್ಟು ಸಣ್ಣ ನಾರನ್ನು ಸೂಜಿಗೆ ಪೋಣಿಸಿದಳು, ಒಂದೇ ಸಲಕ್ಕೆ.

"ನಿನ್ನ ಕೈ ಇನ್ನೂ ಹಂಗ ಐತಿ ಹುಲಿಗೆವ್ವಾ," ಎಂದೆ.

ನಕ್ಕಳು. "ನನ್ನ ಕೈದೇನ್ ಬಂತ್ರಿ ಕಾಕಾ. ಅದು ವ್ಯಾಳ್ಯಾಕ್ಕ ಮೋಸ ಮಾಡೋ ಕೈ. ನಮ್ಮ ಮಗಳಿಗೆ ಮೊನ್ನಿ ಸಾಲ್ಯಾಗ ಗುರಿ ಹೊಡ್ಯಾಕ ಹೆಸರು ಬರಸಂದ್ರು. ನಾನ ಬ್ಯಾಡಂದೆ. ನಮ್ಮ ರಕ್ತದಾಗ ಅದು ಇಲ್ಲವ್ವಾ, ಕಡೀಕ ಎಲ್ಲರ ಮುಂದ ಮುಖ ಸಣ್ಣದಾಗ್ತೈತಿ ಅಂದೆ."

ನನಗೆ ಮತ್ತೆ ಕೂತಿರಲು ಆಗಲಿಲ್ಲ. ಕಾಗದದ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ. ಕಿಟ್ಟ, ಬಣ್ಣ ಹಚ್ಚದ್ದು, ಮಳೆ, ಹರಿದ ಬಸ್ ಟಿಕೆಟ್, ಸಾಹೇಬರ ಮೇಜಿನ ಮೇಲಿದ್ದ ಕಡತ, ಒಂದನ್ನೂ ಬಿಡದೆ ಹೇಳಿದೆ. "ಗೊತ್ತಿದ್ದೂ ಸುಳ್ಳು ಚೀಟಿ ಬರದೆ ತಾಯಿ. ನಿನ್ನ ತಪ್ಪು ಇರಲಿಲ್ಲ," ಎಂದೆ.

ಅವಳು ಆ ಪುಡಿಯನ್ನು ಬೆರಳಲ್ಲಿ ಆಡಿಸಿ ನೋಡಿದಳು. ಅತ್ತರೆ, ಬೈದರೆ ನನಗೆ ಹಗುರವಾಗುತ್ತಿತ್ತು. ಎರಡೂ ಮಾಡಲಿಲ್ಲ.

"ನಮ್ಮಪ್ಪ ಸಾಯೋತನಕ ಆ ಮಾತು ಎತ್ತಲಿಲ್ರಿ," ಎಂದಳು. "ಒಮ್ಮಿ ಮಾತ್ರ, ಆಕಿ ಕೈ ಸೋತ್ರ ಸೋಲಲಿ ಬಿಡ ಅಂತ ನಮ್ಮವ್ವನ ಮುಂದ ಅಂದಿದ್ದ. ನಾ ಒಳಗ ಇದ್ದೆ, ಕೇಳಿಸ್ತು."

ನಾನು ಕ್ಷಮಿಸು ಎಂದೆ. ಅವಳು ಪೊಟ್ಟಣವನ್ನು ಮೊದಲಿನಂತೆ ಮಡಿಸಿ ತನ್ನ ಹತ್ತಿರವೇ ಇಟ್ಟುಕೊಂಡಳು.

"ಅವತ್ತು ನೀವು ಬಾಯಿಲೆ ಹೇಳಿರಲಿಲ್ರಿ ಕಾಕಾ, ಬರದು ಕೊಟ್ಟಿದ್ರಿ. ಎಲ್ಲಾರೂ ಓದಿದ್ರು. ಈಗ ಇಲ್ಲಿ ಬಂದು ನನ್ನೊಬ್ಬಾಕಿ ಮುಂದ ಹೇಳಿ ಹೋದ್ರ ಹೆಂಗ್ರಿ? ಇದನ್ನೂ ಬರದು ಕೊಡ್ರಿ. ಎಲ್ಲಾರೂ ಓದೋ ಹಂಗ ಬರೀರಿ. ನಮ್ಮ ಮಗಳಿಗೆ ತೋರಸ್ತೀನಿ."

ಹೊಸಬರು ಅನುಭವ ಬರೆಯಿರಿ ಎಂದು ಕೇಳಿದ್ದಕ್ಕೆ ನಾನು ಇಷ್ಟು ದಿನ ಒಪ್ಪಿರಲಿಲ್ಲ. ಈಗ ಬರೆದದ್ದು ಅವಳಿಗಾಗಿ. ಅಂದಿನ ಚೀಟಿಯನ್ನು ರದ್ದು ಮಾಡಿ ಅದರ ಜಾಗದಲ್ಲಿ ಇದನ್ನು ಇಡಬೇಕೆಂದು ಕೇಂದ್ರದವರಿಗೂ ಒಂದು ಪ್ರತಿ ಕಳಿಸುತ್ತಿದ್ದೇನೆ.

ಏಳನೇ ನಂಬರ್ ರೈಫಲ್ ಸರಿ ಇರಲಿಲ್ಲ. ಆರ್ಮರರ್ ತಪ್ಪು. ಶೂಟರ್ ಹುಲಿಗೆಮ್ಮ ನಡುವಿಗೇ ಹಿಡಿದಿದ್ದಳು.

ರುಜು: ಮೈಬೂಬಸಾಬ್, ಆರ್ಮರರ್.